ನೀರಡಿಸಿದ ಮಷಿನ್ನಿನ ದನಿ

ಆ ದಿನ ಮಷಿನ್ ಹಿಂದೆಂದೂ ಓಡದಷ್ಟು ಚೆನ್ನಾಗಿ ಓಡುತ್ತಿತ್ತು.

ಆಪೂಸ್ ಕೊಯ್ಲು ಮುಗಿದು ಹದಿನೈದು ದಿನ ಆಗಿತ್ತು. ಧಾರವಾಡದಿಂದ ಕಲಕೇರಿ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದು ಹಳೇ ಮಾವಿನ ತೋಟ ಇದೆ. ಅಜ್ಜ ಹಚ್ಚಿದ ಗಿಡಗಳು. ಎತ್ತರಕ್ಕೆ ಬೆಳೆದು, ಒಂದರ ಟೊಂಗೆ ಇನ್ನೊಂದರೊಳಗೆ ಹೊಕ್ಕು, ನಡುವೆ ಬಿಸಿಲೇ ಇಳಿಯುತ್ತಿರಲಿಲ್ಲ. ಬಿಸಿಲು ಇಳಿಯದ ಕಡೆ ಹೂವು ನಿಲ್ಲುವುದಿಲ್ಲ, ಜಿಗಿಹುಳದ ಕಾಟವೂ ಜಾಸ್ತಿ. ಹಾಗಾಗಿ ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ಕೆಲವು ಗಿಡಗಳ ನಡುವಿನ ಟೊಂಗೆ ತೆಗೆದು ಬೆಳಕಿಗೆ ದಾರಿ ಮಾಡುತ್ತೇವೆ. ಆ ಕೆಲಸಕ್ಕಾಗಿಯೇ ಒಂದು ಚೈನ್ ಸಾ ತಗೊಂಡಿದ್ದೆ. ನಮ್ಮ ಕಡೆ ಅದಕ್ಕೆ ಗಿಡ ಕಡಿಯೋ ಮಷಿನ್ ಅಂತಲೇ ಹೆಸರು.

ರೇಸ್ ಕೊಟ್ಟರೆ ಸಾಕು, ಒಂದೇ ದನಿಯಲ್ಲಿ, ಎಳ್ಳಷ್ಟೂ ತಡವರಿಸದೆ ಮೇಲಕ್ಕೆ ಏರುತ್ತಿತ್ತು. ಹಿಂದಿನ ದಿನ ಹೀಗಿರಲಿಲ್ಲ. ಬಡಬಡ ಅಂತ ತೊದಲುತ್ತಿತ್ತು, ಟೊಂಗೆಗೆ ಇಟ್ಟರೆ ಸತ್ತು ಹೋದಂತೆ ಆಗುತ್ತಿತ್ತು. ಸ್ಕ್ರೂ ಡ್ರೈವರ್ ತಗೊಂಡು, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬೊರೇಟರಿನ ಸ್ಕ್ರೂ ಸ್ವಲ್ಪ ಬಿಗಿ ಮಾಡಿದ್ದೆ. ದನಿ ತಿಳಿಯಾಗಿತ್ತು. ನನ್ನ ಕೈಗೆ ನಾನೇ ಮೆಚ್ಚಿಕೊಂಡಿದ್ದೆ.

ಹನ್ನೊಂದು ಗಂಟೆ ಹೊತ್ತಿಗೆ ದನಿ ಇನ್ನೂ ಒಂದು ಎಳೆ ಮೇಲೆ ಹೋಯಿತು. ಆಮೇಲೆ ಯಾರೋ ಕುತ್ತಿಗೆ ಹಿಡಿದಂತೆ ಕುಗ್ಗಿತು. ನಿಂತೇ ಹೋಯಿತು. ಸ್ಟಾರ್ಟರ್ ಹಗ್ಗ ಎಳೆದರೆ ಬರಲೇ ಇಲ್ಲ. ಗೋಡೆಗೆ ಕಟ್ಟಿದ ಹಗ್ಗ ಎಳೆದ ಹಾಗೆ. ಹತ್ತು ನಿಮಿಷ ಬಿಟ್ಟು, ಮಷಿನ್ ಸ್ವಲ್ಪ ಆರಿದ ಮೇಲೆ ಎಳೆದೆ. ಈಗ ಬಂತು. ಆದರೆ ತೀರಾ ಸುಲಭವಾಗಿ ಬಂತು. ಒಳಗೆ ಇರಬೇಕಾದ ಆ ಒತ್ತು, ಕೈಗೆ ಸಿಗುವ ಆ ಎದುರು ಬಲ, ಇರಲಿಲ್ಲ. ಎಂಜಿನ್ ಸೀಜ್ ಆಗಿತ್ತು, ಅಂದರೆ ಒಳಗೆ ಪಿಸ್ಟನ್ ಬಿಸಿಗೆ ಸಿಲಿಂಡರಿಗೆ ಕಚ್ಚಿಕೊಂಡಿತ್ತು.

ಮರುದಿನ ಹುಬ್ಬಳ್ಳಿಗೆ ತಗೊಂಡು ಹೋದೆ. ಹಳೇ ಹುಬ್ಬಳ್ಳಿ ಕಡೆ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ಪಂಪ್‌ಸೆಟ್, ಔಷಧ ಹೊಡೆಯುವ ಪವರ್ ಸ್ಪ್ರೇಯರ್, ಹುಲ್ಲು ಕೊಯ್ಯುವ ಮಷಿನ್, ಎಲ್ಲ ನೋಡುತ್ತಾರೆ. ಅವರು ಕಾರ್ಬೊರೇಟರ್ ಮುಟ್ಟಲಿಲ್ಲ. ಮೊದಲು ಸೈಲೆನ್ಸರಿನ ಬೋಲ್ಟು ಬಿಚ್ಚಿದರು. ಹೊಗೆ ಹೊರಗೆ ಬರುವ ಆ ತೂತಿಗೆ ಮೊಬೈಲಿನ ಟಾರ್ಚ್ ಹಿಡಿದರು. ಹಗ್ಗವನ್ನು ಮೆಲ್ಲಗೆ ಎಳೆದು ಪಿಸ್ಟನ್ ಮೇಲೆ ಕೆಳಗೆ ಆಡಿಸಿ, "ಬರ್ರಿ ಸರ, ನೋಡ್ರಿಲ್ಲೆ" ಅಂದರು.

ಬಗ್ಗಿ ನೋಡಿದೆ. ಪಿಸ್ಟನ್ನಿನ ಮೈಮೇಲೆ ಮೇಲಿನಿಂದ ಕೆಳಕ್ಕೆ ಗೀರುಗಳು. ಬೆಕ್ಕು ಉಗುರಿನಿಂದ ಪರಚಿದ ಹಾಗೆ. ಕೆಲವು ಕಡೆ ಅಲ್ಯೂಮಿನಿಯಂ ಕರಗಿ ಮೆತ್ತಿಕೊಂಡಿತ್ತು. ಪಕ್ಕದಲ್ಲಿ ಬಿದ್ದಿದ್ದ ಹೊಸ ಪಿಸ್ಟನ್ ಒಂದನ್ನು ಅವರು ಕೈಗೆ ಕೊಟ್ಟರು. ಅದರ ಮೈಮೇಲೆ ಅಡ್ಡಕ್ಕೆ ಸಣ್ಣ ಸಣ್ಣ ಗೆರೆ, ಹಳೇ ಗ್ರಾಮೋಫೋನ್ ತಟ್ಟೆಯ ಹಾಗೆ. ಕಾರ್ಖಾನೆಯಲ್ಲಿ ಲೇತ್ ಮೇಲೆ ತಿರುವಿದಾಗ ಉಳಿದ ಗೆರೆ ಅದು. ಆ ಗೆರೆಗಳ ಸಂದಿನಲ್ಲಿ ಎಣ್ಣೆ ನಿಲ್ಲುತ್ತದೆ. ಚೆನ್ನಾಗಿ ನೋಡಿಕೊಂಡ ಮಷಿನ್ನಿನಲ್ಲಿ ಆ ಅಡ್ಡ ಗೆರೆ ವರ್ಷಗಟ್ಟಲೆ ಕಾಣುತ್ತಿರುತ್ತವಂತೆ. ನನ್ನದರಲ್ಲಿ ಒಂದೂ ಉಳಿದಿರಲಿಲ್ಲ.

"ನಿಲ್ಲೋದಕ್ಕಿಂತ ಮೊದ್ಲ ದನಿ ಹೆಂಗಿತ್ರಿ?"

"ಭಾಳ ಚಲೋ ಇತ್ತು. ಹಾಡಿದಂಗ ಓಡ್ತಿತ್ತು."

ಅವರು ಟಾರ್ಚ್ ಆರಿಸಿದರು. "ಹಾಡಾಕತ್ತಿದ್ದಿಲ್ರಿ ಸರ ಅದು. ನೀರಡಿಸಿ ಒದರಾಕತ್ತಿತ್ತು."

ಆ ಮಾತು ನನ್ನ ಕಿವಿಯಿಂದ ಇವತ್ತಿನವರೆಗೂ ಹೋಗಿಲ್ಲ. ಚಿಕ್ಕಂದಿನಿಂದ ನಾವು ಎಂಜಿನ್ ಚೆನ್ನಾಗಿದೆಯೋ ಇಲ್ಲವೋ ಅಂತ ದನಿಯಿಂದಲೇ ಹೇಳುವವರು. ಊರಿನ ಹಿಟ್ಟಿನ ಗಿರಣಿಯ ಎಂಜಿನ್ ದನಿ ಕೇಳಿಯೇ ಅವ್ವ, ಈಗ ಜೋಳ ಬಿದ್ದಿದೆ, ಈಗ ಖಾಲಿ ಓಡುತ್ತಿದೆ ಅನ್ನುತ್ತಿದ್ದಳು. ತಡವರಿಸದ ದನಿ ಅಂದರೆ ಆರೋಗ್ಯ ಅಂತ ನಮ್ಮ ಕಿವಿ ಕಲಿತಿದೆ. ಚೈನ್ ಸಾ ವಿಷಯದಲ್ಲಿ ಅದು ಉಲ್ಟಾ. ಖಾಲಿ ರೇಸ್ ಕೊಟ್ಟಾಗ ಸ್ವಲ್ಪ ತೊದಲುವ ಮಷಿನ್ನೇ ಗಟ್ಟಿ ಮಷಿನ್. ನುಣ್ಣಗೆ ಕಿರುಚುವುದು ಸಾಯುವ ದಾರಿಯಲ್ಲಿ ಇರುತ್ತದೆ.

ಯಾಕೆ ಅಂತ ತಿಳಿಯಬೇಕಾದರೆ ಚೈನ್ ಸಾದಲ್ಲಿರುವ ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಎಲ್ಲಿಂದ ಬರುತ್ತದೆ ಅಂತ ನೋಡಬೇಕು. ಈಗಿನ ಬೈಕಿನಲ್ಲಿ ಎಂಜಿನ್ ಆಯಿಲ್ ಕೆಳಗೆ ಬೇರೆಯಾಗಿ ತುಂಬಿರುತ್ತದೆ. ಚೈನ್ ಸಾದಲ್ಲಿ ಆ ವ್ಯವಸ್ಥೆ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಗತಿ. ನಲವತ್ತು ದಾಟಿದವರಿಗೆಲ್ಲ ಇದು ಗೊತ್ತು. ಅಪ್ಪನ ಸ್ಕೂಟರ್ ಹಿಂದೆ ಕೂತು ಬಂಕಿಗೆ ಹೋದಾಗ, ಪೆಟ್ರೋಲ್ ಹಾಕುವ ಹುಡುಗ ಆಯಿಲ್ ಎಷ್ಟು ಅಂತ ಕೇಳುತ್ತಿದ್ದ. ಅಪ್ಪ ಹೇಳಿದಷ್ಟು ಟೂಟಿ ಆಯಿಲ್ ಅಳೆದು ಟ್ಯಾಂಕಿಗೆ ಸುರಿಯುತ್ತಿದ್ದ. ಅದೇ ಲೆಕ್ಕ ಇಲ್ಲಿಯೂ.

ಅಂದರೆ ಕಾರ್ಬೊರೇಟರ್ ಸ್ಕ್ರೂ ಬಿಗಿ ಮಾಡಿ ಪೆಟ್ರೋಲ್ ಕಡಿಮೆ ಮಾಡಿದರೆ ಎರಡು ಪೆಟ್ಟು ಒಟ್ಟಿಗೆ ಬೀಳುತ್ತವೆ. ಒಂದು, ಪೆಟ್ರೋಲಿಗಿಂತ ಗಾಳಿ ಜಾಸ್ತಿಯಾಗಿ ಒಳಗಿನ ಬಿಸಿ ಏರುತ್ತದೆ. ಎರಡು, ಪೆಟ್ರೋಲಿನ ಜೊತೆ ಬರುವ ಎಣ್ಣೆಯೂ ಕಡಿಮೆಯಾಗುತ್ತದೆ. ಬಿಸಿ ಏರಿದಾಗಲೇ ಎಣ್ಣೆ ಕಡಿತ. ಪೂರ್ತಿ ರೇಸಿನಲ್ಲಿ ಈ ಮಷಿನ್ ನಿಮಿಷಕ್ಕೆ 13,000 ಸುತ್ತಿನ ಆಸುಪಾಸು ತಿರುಗುತ್ತದೆ. ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಸಲ ಪಿಸ್ಟನ್ ಹೋಗಿ ಬರುತ್ತದೆ. ಅಷ್ಟು ವೇಗದಲ್ಲಿ ಎಣ್ಣೆ ಇಲ್ಲದೆ ಲೋಹ ಲೋಹಕ್ಕೆ ತಿಕ್ಕಿದರೆ ಏನಾಗಬೇಕೋ ಅದೇ ಆಗಿತ್ತು.

ಮಿಸ್ತ್ರಿ ಮುಂದಿನ ಪ್ರಶ್ನೆ ಕೇಳಿದರು. "ಏರ್ ಫಿಲ್ಟರ್ ಯಾವಾಗ ತೊಳದ್ರಿ?"

ಅಲ್ಲಿ ಸಿಕ್ಕಿತು ನನ್ನ ತಪ್ಪು. ಫಿಲ್ಟರ್ ತೊಳೆದದ್ದು ಸ್ಕ್ರೂ ತಿರುವಿದ ದಿನ ಸಂಜೆ. ಕೆಲಸ ಮುಗಿಸಿ, ಮನೆಗೆ ಬಂದು, ಒಳ್ಳೇ ಬುದ್ಧಿಯಿಂದಲೇ ತೊಳೆದಿದ್ದೆ. ಹಿಂದಿನ ದಿನವೆಲ್ಲ ಫಿಲ್ಟರ್ ಮಾವಿನ ಕಟ್ಟಿಗೆಯ ಹೊಟ್ಟಿನಿಂದ ಕಟ್ಟಿಕೊಂಡಿತ್ತು. ಗಾಳಿ ಕಡಿಮೆ ಹೋಗುತ್ತಿತ್ತು, ಅದಕ್ಕೇ ಪೆಟ್ರೋಲ್ ಜಾಸ್ತಿಯಾಗಿ ಮಷಿನ್ ತೊದಲುತ್ತಿತ್ತು. ಕಾಯಿಲೆ ಫಿಲ್ಟರಿಗೆ, ಔಷಧ ಕೊಟ್ಟದ್ದು ಕಾರ್ಬೊರೇಟರಿಗೆ. ಕಟ್ಟಿದ ಫಿಲ್ಟರಿಗೆ ಸರಿಹೊಂದುವ ಹಾಗೆ ಪೆಟ್ರೋಲ್ ಕಡಿಮೆ ಮಾಡಿದೆ. ಸಂಜೆ ಫಿಲ್ಟರ್ ತೊಳೆದೆ. ಮರುದಿನ ಗಾಳಿ ಧಾರಾಳವಾಗಿ ಒಳಗೆ ಹೋಯಿತು, ಪೆಟ್ರೋಲ್ ಮಾತ್ರ ಕಡಿಮೆಯೇ ಉಳಿಯಿತು. ಎರಡು ತಾಸಿನಲ್ಲಿ ಎಂಜಿನ್ ಸುಟ್ಟಿತು.

ಇದನ್ನು ಇಷ್ಟು ಉದ್ದ ಬರೆಯಲು ಕಾರಣ ಇದೆ. ನಮ್ಮ ಕಡೆ ಈಗ ಪ್ರತಿ ಊರಿನಲ್ಲಿ ಎರಡು ಮೂರು ಚೈನ್ ಸಾ ಇವೆ. ಜಾಲಿ ತೆಗೆಯಲು, ನೀಲಗಿರಿ ಕಡಿಯಲು, ಗಾಳಿಗೆ ರಸ್ತೆ ಮೇಲೆ ಬಿದ್ದ ಹುಣಸೆ ಗಿಡ ಸರಿಸಲು. ಮಷಿನ್ ತೊದಲಿದ ಕೂಡಲೇ ಎಲ್ಲರ ಕೈ ಹೋಗುವುದು ಸ್ಕ್ರೂ ಡ್ರೈವರಿಗೆ. ಸ್ಕ್ರೂ ಮುಟ್ಟುವುದು ಕೊನೆಯ ಕೆಲಸ. ಅದಕ್ಕೆ ಮೊದಲು ನೋಡಬೇಕಾದದ್ದು ಬೇಕಾದಷ್ಟಿದೆ.

ಫಿಲ್ಟರ್ ಮೊದಲು. ತೆಗೆಯುವ ಮುಂಚೆ ಸುತ್ತಲಿನ ಹೊಟ್ಟನ್ನು ಬ್ರಷ್‌ನಿಂದ ಗುಡಿಸಬೇಕು. ಚೋಕ್ ಮುಚ್ಚಿಟ್ಟರೆ ಕಸ ಕಾರ್ಬೊರೇಟರಿನ ಬಾಯಿಗೆ ಬೀಳುವುದಿಲ್ಲ. ಆಮೇಲೆ ಕಿಡಿ ಹಾರಿಸುವ ಪ್ಲಗ್. ಅದರ ತುದಿ ಕಂದು ಬಣ್ಣಕ್ಕಿದ್ದರೆ ಒಳಗಿನ ಸಂಸಾರ ಸರಿಯಾಗಿದೆ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ, ಇಲ್ಲವೇ ಫಿಲ್ಟರ್ ಕಟ್ಟಿದೆ. ಬೂದಿ ಹಾಗೆ ಬೆಳ್ಳಗಿದ್ದರೆ ಅಲ್ಲಿಗೇ ನಿಲ್ಲಿಸಬೇಕು, ಇನ್ನೊಂದು ಟೊಂಗೆಯನ್ನೂ ಕೊಯ್ಯಬಾರದು. ಪ್ಲಗ್ಗಿನ ಸಂದು ಹೆಚ್ಚಿನ ಮಷಿನ್‌ಗಳಲ್ಲಿ 0.5 ಮಿ.ಮೀ. ಪೆಟ್ರೋಲ್ ಟ್ಯಾಂಕಿನೊಳಗೆ ಪೈಪಿನ ತುದಿಗೆ ಒಂದು ಪುಟ್ಟ ಫಿಲ್ಟರ್ ಇರುತ್ತದೆ. ತಂತಿಯ ಕೊಕ್ಕೆ ಮಾಡಿ ಮೆಲ್ಲಗೆ ಹೊರಗೆಳೆದು ನೋಡಬಹುದು. ಅದು ಕಟ್ಟಿದರೂ ಮಷಿನ್ ನೀರಡಿಸುತ್ತದೆ.

ಇನ್ನು ಪೆಟ್ರೋಲ್. ಇದರ ಬಗ್ಗೆ ನನಗೆ ಕಾಳಜಿ ಜಾಸ್ತಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಕಬ್ಬು, ಗೋವಿನಜೋಳದಿಂದ ಮಾಡುವ ಎಥನಾಲ್. ರೈತನಾಗಿ ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ಚೈನ್ ಸಾ ಜೊತೆ ಬರುವ ಎಷ್ಟೋ ಪುಸ್ತಕಗಳಲ್ಲಿ ಎಥನಾಲ್ ಶೇ. 10 ದಾಟಬಾರದು ಅಂತ ಬರೆದಿರುತ್ತಾರೆ. ಎಥನಾಲಿನೊಳಗೇ ಆಮ್ಲಜನಕ ಇದೆ. ಅದಕ್ಕೇ ಸ್ಕ್ರೂ ಇದ್ದಲ್ಲೇ ಇದ್ದರೂ, ಎಥನಾಲ್ ಹೆಚ್ಚಾದ ಪೆಟ್ರೋಲ್ ಹಾಕಿದರೆ ಎಂಜಿನ್ ಇನ್ನಷ್ಟು ಒಣಗುತ್ತದೆ. ಹಳೇ ಪೆಟ್ರೋಲಿಗೆ ಮಾಡಿದ ಸೆಟ್ಟಿಂಗ್ ಈಗಿನ ಪೆಟ್ರೋಲಿಗೆ ಬಿಗಿಯಾಗಬಹುದು. ಇನ್ನೊಂದು ಸಮಸ್ಯೆ, ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕ್ಯಾನಿನ ಮುಚ್ಚಳ ಸಡಿಲ ಇದ್ದು, ತೇವ ಒಂದು ಮಟ್ಟ ಮೀರಿದರೆ, ನೀರು ಮತ್ತು ಎಥನಾಲ್ ಸೇರಿ ತಳಕ್ಕೆ ಇಳಿದು ಪದರ ಕಟ್ಟುತ್ತವೆ. ಟ್ಯಾಂಕಿನ ಪೈಪು ಎಳೆಯುವುದು ತಳದಿಂದಲೇ ಅಲ್ವಾ? ಆ ಪದರದಲ್ಲಿ ಸರಿಯಾಗಿ ಎಣ್ಣೆ ಇರುವುದಿಲ್ಲ.

ನಾನು ಈಗ ಮಾಡುವುದು ಇಷ್ಟು. ಎರಡು ಲೀಟರಿಗಿಂತ ಜಾಸ್ತಿ ಬೆರೆಸಿ ಇಡುವುದಿಲ್ಲ. ನನ್ನ ಮಷಿನ್ನಿನ ಪುಸ್ತಕ 50ಕ್ಕೆ 1 ಅನ್ನುತ್ತದೆ, ಅಂದರೆ ಲೀಟರಿಗೆ 20 ಎಂ.ಎಲ್. ಕೆಲವು ಮಷಿನ್‌ಗಳಿಗೆ, ಇಲ್ಲವೇ ಬೇರೆ ದರ್ಜೆಯ ಎಣ್ಣೆ ಹಾಕಿದರೆ, 25ಕ್ಕೆ 1 ಅಂತ ಇರುತ್ತದೆ. ಆಗ ಲೀಟರಿಗೆ 40 ಎಂ.ಎಲ್. ಪುಸ್ತಕ ಏನು ಹೇಳುತ್ತದೋ ಅದೇ ಲೆಕ್ಕ. ಅಳತೆಗೆ ಮಕ್ಕಳ ಔಷಧದ ಮುಚ್ಚಳ ಸಾಕು, ಅದರ ಮೇಲೆ ಗೆರೆ ಇರುತ್ತದೆ. ಕಣ್ಣಂದಾಜು ಬೇಡವೇ ಬೇಡ. ಮೊದಲು ಅರ್ಧ ಪೆಟ್ರೋಲ್, ಆಮೇಲೆ ಎಣ್ಣೆ, ಅಲುಗಾಡಿಸಿ ಮತ್ತೆ ಉಳಿದ ಪೆಟ್ರೋಲ್. ಟ್ಯಾಂಕಿಗೆ ಹಾಕುವ ಮುಂಚೆ ಪ್ರತಿ ಸಲ ಕ್ಯಾನ್ ಅಲುಗಾಡಿಸುತ್ತೇನೆ. ತಿಂಗಳಿಗಿಂತ ಹಳೆಯದಾದರೆ ಚೈನ್ ಸಾಗೆ ಹಾಕುವುದಿಲ್ಲ. ಮಷಿನ್ ಬಹಳ ದಿನ ಎತ್ತಿಡುವುದಿದ್ದರೆ ಟ್ಯಾಂಕ್ ಖಾಲಿ ಮಾಡಿ, ಐಡ್ಲಿಂಗಿನಲ್ಲಿ ಓಡಿಸಿ, ತಾನಾಗಿ ನಿಲ್ಲುವವರೆಗೆ ಬಿಡುತ್ತೇನೆ.

ಹೀಗೆ ಖಾಲಿ ಮಾಡಿ ಇಡುವುದಕ್ಕೆ ಕಾರ್ಬೊರೇಟರೂ ಒಂದು ಕಾರಣ. ಹಳೇ ಸ್ಕೂಟರ್ ಸ್ಟಾರ್ಟ್ ಆಗದಿದ್ದರೆ ಅಪ್ಪ ಅದನ್ನು ಒಂದು ಕಡೆಗೆ ವಾಲಿಸುತ್ತಿದ್ದರು. ಕಾರ್ಬೊರೇಟರಿನ ಬಟ್ಟಲಿನೊಳಗೆ ಪೆಟ್ರೋಲ್ ಮೇಲೆ ತೇಲುವ ಫ್ಲೋಟ್ ಇರುತ್ತಿತ್ತು, ವಾಲಿಸಿದರೆ ಪೆಟ್ರೋಲ್ ಉಕ್ಕಿ ಎಂಜಿನ್ನಿಗೆ ಹೋಗುತ್ತಿತ್ತು. ಚೈನ್ ಸಾವನ್ನು ನಾವು ಅಡ್ಡ ಹಿಡಿಯುತ್ತೇವೆ, ತಲೆಕೆಳಗೂ ಹಿಡಿಯುತ್ತೇವೆ. ಬಟ್ಟಲು ಇದ್ದರೆ ನಡೆಯುವುದಿಲ್ಲ. ಅದಕ್ಕೇ ಇದರಲ್ಲಿ ತೆಳುವಾದ ಒಂದು ಪರದೆ, ಡಯಾಫ್ರಮ್ ಇರುತ್ತದೆ. ಅದು ಉಸಿರಾಡಿದ ಹಾಗೆ ಮೇಲೆ ಕೆಳಗೆ ಆಡಿ ಪೆಟ್ರೋಲನ್ನು ಒಳಗೆ ಬಿಡುತ್ತದೆ. ಹಳೇ ಪೆಟ್ರೋಲಿನಲ್ಲಿ ನೆನೆದು ನೆನೆದು ಆ ಪರದೆ ಬಿರುಸಾದರೆ ಯಾವ ಸೆಟ್ಟಿಂಗೂ ನಿಲ್ಲುವುದಿಲ್ಲ. ಡಯಾಫ್ರಮ್ ಕಿಟ್ ಬದಲಿಸುವುದೇ ದಾರಿ. ಮುಟ್ಟಿ ನೋಡಿದರೆ ತಿಳಿಯುತ್ತದೆ. ಹೊಸದು ಬಾಳೆಯ ಸುಳಿ ಎಲೆಯ ಹಾಗೆ ಮೆತ್ತಗೆ, ಹಳೆಯದು ಎಕ್ಸ್‌ರೇ ಹಾಳೆಯ ಹಾಗೆ.

ಇಷ್ಟೆಲ್ಲ ಸರಿ ಇದ್ದ ಮೇಲೆ ಸ್ಕ್ರೂ. ಮಿಸ್ತ್ರಿ ಹೊಸ ಪಿಸ್ಟನ್, ಸಿಲಿಂಡರ್ ಕೂರಿಸಿದ ದಿನ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಕಲಿಸಿದರು.

ಮೂರು ಸ್ಕ್ರೂ ಇರುತ್ತವೆ. ಎಲ್ ಅಂದರೆ ನಿಧಾನ ಓಟದ ಪೆಟ್ರೋಲ್, ಎಚ್ ಅಂದರೆ ಪೂರ್ತಿ ರೇಸಿನ ಪೆಟ್ರೋಲ್. ಮೂರನೆಯದಕ್ಕೆ ಎಲ್‌ಎ ಅಂತಲೋ ಟಿ ಅಂತಲೋ ಬರೆದಿರುತ್ತದೆ, ಅದು ಐಡ್ಲಿಂಗ್ ಏರಿಸಿ ಇಳಿಸಲು ಮಾತ್ರ. ಎಲ್ ಮತ್ತು ಎಚ್ ಬಲಕ್ಕೆ ತಿರುವಿದರೆ ಪೆಟ್ರೋಲ್ ಕಡಿಮೆ, ಎಡಕ್ಕೆ ತಿರುವಿದರೆ ಜಾಸ್ತಿ. ಎಲ್ಲಿಂದ ಶುರು ಮಾಡಬೇಕು ಅಂತ ಪುಸ್ತಕದಲ್ಲಿ ಇರುತ್ತದೆ. ಹಲವು ಮಷಿನ್‌ಗಳಿಗೆ ಮೆಲ್ಲಗೆ ಪೂರ್ತಿ ಮುಚ್ಚಿ ಒಂದು ಸುತ್ತು ಬಿಚ್ಚುವುದು. ಮುಚ್ಚುವಾಗ ಬಿಗಿದರೆ ಒಳಗಿನ ಸೂಜಿ ಮೊನೆ ಹಾಳಾಗುತ್ತದೆ. ಸ್ಕ್ರೂ ತಗಲಿತು ಅನ್ನಿಸಿದ ಕೂಡಲೇ ಕೈ ಬಿಡಬೇಕು. ಬಾರ್ (ಚೈನ್ ಸುತ್ತಿ ಓಡುವ ಉದ್ದ ಪಟ್ಟಿ) ಮತ್ತು ಚೈನ್ ಹಾಕಿಯೇ ಸೆಟ್ಟಿಂಗ್ ಮಾಡಬೇಕು. ಅವು ಇಲ್ಲದೆ ರೇಸ್ ಕೊಟ್ಟರೆ ಎಂಜಿನ್ ಹಿಡಿತ ತಪ್ಪಿ ಓಡುತ್ತದೆ. ತಣ್ಣಗಿನ ಮಷಿನ್ನಿಗೂ ಸೆಟ್ಟಿಂಗ್ ಮಾಡುವುದಲ್ಲ. ಮೂರು ನಾಲ್ಕು ನಿಮಿಷ ಓಡಿ ಮೈ ಬಿಸಿಯಾಗಲಿ.

ಮೊದಲು ಎಲ್. ಮೆಲ್ಲಗೆ ಬಲಕ್ಕೆ ತಿರುವುತ್ತ ಹೋದರೆ ಐಡ್ಲಿಂಗ್ ಏರುತ್ತ ಹೋಗಿ ಒಂದು ಕಡೆ ತುದಿ ಮುಟ್ಟುತ್ತದೆ. ಇನ್ನೂ ತಿರುವಿದರೆ ಕುಗ್ಗುತ್ತದೆ. ಆ ತುದಿ ಸಿಕ್ಕ ಮೇಲೆ ಅಲ್ಲಿಂದ ಎಡಕ್ಕೆ ಸ್ವಲ್ಪ, ಕಾಲು ಸುತ್ತಿನ ಒಳಗೆ, ಹಿಂದೆ ಬರಬೇಕು. ಈಗ ರೇಸ್ ಕೊಟ್ಟರೆ ಪಿಕಪ್ ತಡವಿಲ್ಲದೆ ಬರಬೇಕು. ಮುಗ್ಗರಿಸಿದರೆ ಇನ್ನೊಂದು ಎಳೆ ಎಡಕ್ಕೆ. ಆಮೇಲೆ ಎಲ್‌ಎ. ಚೈನ್ ತಿರುಗುತ್ತಿದ್ದರೆ ಅದು ನಿಲ್ಲುವವರೆಗೆ ಇಳಿಸುವುದು. ಐಡ್ಲಿಂಗ್ ಸಾಮಾನ್ಯವಾಗಿ ನಿಮಿಷಕ್ಕೆ 2,500ರಿಂದ 3,000 ಸುತ್ತು.

ಕೊನೆಗೆ ಎಚ್. ಇಲ್ಲಿಯೇ ಕಿವಿ ಬೇಕು. ಮಿಸ್ತ್ರಿ ಮೊದಲು ಎಚ್ ಸ್ಕ್ರೂವನ್ನು ಎಡಕ್ಕೆ ಬಿಚ್ಚಿ ಪೂರ್ತಿ ರೇಸ್ ಕೊಟ್ಟರು. ಎರಡು ಮೂರು ಸೆಕೆಂಡು ಅಷ್ಟೇ, ಖಾಲಿ ಮಷಿನ್ನಿಗೆ ಅದಕ್ಕಿಂತ ಜಾಸ್ತಿ ಕೊಡಬಾರದು. ಬರಬರ ಅಂತ ಒರಟು ದನಿ, ಹೊಗೆ. ಪೆಟ್ರೋಲ್ ಜಾಸ್ತಿಯಾದಾಗ ಪ್ರತಿ ಸುತ್ತಿಗೂ ಕಿಡಿ ಹಿಡಿಯುವುದಿಲ್ಲ, ಒಂದು ಬಿಟ್ಟು ಒಂದು ಹಿಡಿಯುತ್ತದೆ. ಅದಕ್ಕೇ ಬೈಕಿನ ಫೋರ್ ಸ್ಟ್ರೋಕ್ ದನಿ ಬಂದ ಹಾಗೆ ಕೇಳುತ್ತದೆ. ಅಲ್ಲಿಂದ ಬಲಕ್ಕೆ ಎಳೆ ಎಳೆಯಾಗಿ ಬಂದರು. ದನಿ ತಿಳಿಯಾಗುತ್ತ ಬಂತು. ಪೂರ್ತಿ ತಿಳಿಯಾಗುವ ಮೊದಲೇ, ಒಳಗೆ ಇನ್ನೂ ಸಣ್ಣದೊಂದು ತೊದಲು ಉಳಿದಿರುವಾಗಲೇ ನಿಲ್ಲಿಸಿದರು. ನನಗೆ ಇನ್ನೊಂದು ಸ್ವಲ್ಪ ತಿರುವಲಿ ಅನ್ನಿಸುತ್ತಿತ್ತು. ಅವರು ತಿರುವಲಿಲ್ಲ. ಅಂಗಡಿ ಮುಂದೆ ಬಿದ್ದಿದ್ದ ಬೇವಿನ ತುಂಡೊಂದಕ್ಕೆ ಮಷಿನ್ ಇಟ್ಟರು. ಹಲ್ಲು ಕಟ್ಟಿಗೆಗೆ ತಾಗಿದ ಕೂಡಲೇ ತೊದಲು ಮಾಯವಾಯಿತು. ಎತ್ತಿದರು, ಮತ್ತೆ ತೊದಲಿತು. ಇಟ್ಟರು, ಹೋಯಿತು.

"ಈಗ ಹೊಟ್ಟಿ ತುಂಬೇತಿ ಅದಕ್ಕ" ಅಂದರು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಈಗಿನ ಕೆಲವು ಮಷಿನ್‌ಗಳಲ್ಲಿ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್‌ನಲ್ಲಿ ವೇಗದ ಮಿತಿ ಇರುತ್ತದೆ. ಮಿತಿ ಮುಟ್ಟಿದ ಕೂಡಲೇ ಅದು ಕಿಡಿ ಕತ್ತರಿಸುತ್ತದೆ. ಆಗಲೂ ಅಂಥದ್ದೇ ತೊದಲು ಕೇಳುತ್ತದೆ. ಅದನ್ನು ನಂಬಿ ಪೆಟ್ರೋಲ್ ಸಾಕಷ್ಟಿದೆ ಅಂದುಕೊಂಡರೆ ಮೋಸ ಹೋಗುತ್ತೀರಿ. ಅಂಥ ಮಷಿನ್ನಿಗೆ ಸುತ್ತು ಎಣಿಸುವ ಟ್ಯಾಕೋಮೀಟರ್ ಹಿಡಿದು, ಪುಸ್ತಕದ ಅಂಕಿಯೊಳಗೇ ಇಡಬೇಕು. ತಾನೇ ಸೆಟ್ಟಿಂಗ್ ಮಾಡಿಕೊಳ್ಳುವ ಮಷಿನ್‌ಗಳೂ ಬಂದಿವೆ. ಅವುಗಳಲ್ಲಿ ಎಲ್, ಎಚ್ ಸ್ಕ್ರೂ ಇರುವುದಿಲ್ಲ.

ಇನ್ನೊಂದು, ಸ್ಕ್ರೂಗೆ ಬಗ್ಗದ ಕಾಯಿಲೆ. ರೇಸ್ ಬಿಟ್ಟ ಮೇಲೂ ಮಷಿನ್ ಬೇಗ ಇಳಿಯದೆ ಮೇಲೆಯೇ ತೂಗಾಡುತ್ತಿದ್ದರೆ, ಅಥವಾ ಮಗ್ಗುಲಿಗೆ ವಾಲಿಸಿದಾಗ ಐಡ್ಲಿಂಗ್ ಏರಿದರೆ, ಎಲ್ಲೋ ಗಾಳಿ ನುಸುಳುತ್ತಿದೆ ಅಂತ ಅನುಮಾನ ಪಡಬೇಕು. ಕಾರ್ಬೊರೇಟರ್ ಹಿಂದಿನ ರಬ್ಬರ್ ಕೊಳವೆ ಸೀಳಿರಬಹುದು, ಕ್ರ್ಯಾಂಕಿನ ಸೀಲ್ ಹೋಗಿರಬಹುದು. ಅದನ್ನು ಪೆಟ್ರೋಲ್ ಜಾಸ್ತಿ ಮಾಡಿ ಮುಚ್ಚಿಹಾಕಿದರೆ ಸೀಳು ದೊಡ್ಡದಾದ ದಿನ ಪಿಸ್ಟನ್ ಹೋಗುತ್ತದೆ. ಮಿಸ್ತ್ರಿ ಹತ್ತಿರ ಒಯ್ಯುವುದೇ ಸರಿ.

ಐಡ್ಲಿಂಗಿನಲ್ಲಿ ಚೈನ್ ನಿಂತಿರಬೇಕು ಅಂದೆ. ಇದು ಎಂಜಿನ್ನಿನ ಆರೋಗ್ಯದ ಮಾತಲ್ಲ, ಮನುಷ್ಯರ ಕಾಲಿನ ಮಾತು. ಒಂದು ಚಳಿಗಾಲದಲ್ಲಿ ಮಷಿನ್ ಬೆಳಗ್ಗೆ ಪದೇ ಪದೇ ನಿಲ್ಲುತ್ತಿತ್ತು ಅಂತ ನಾನು ಐಡ್ಲಿಂಗ್ ಏರಿಸಿದ್ದೆ. ಚೈನ್ ಮೆಲ್ಲಗೆ ತೆವಳುತ್ತಿತ್ತು. ಅಷ್ಟೇ ಅಲ್ವಾ, ಕೆಲಸ ನಡೆಯುತ್ತಲ್ಲ ಅಂದುಕೊಂಡೆ. ತೋಟಕ್ಕೆ ಬರುವ ಹುಡುಗ ಒಂದು ಟೊಂಗೆ ಕೊಯ್ದು, ಮಷಿನ್ ಬಂದ್ ಮಾಡದೆ, ಕೆಳಗೆ ಇಳಿಬಿಟ್ಟುಕೊಂಡು ಇನ್ನೊಂದು ಗಿಡದ ಕಡೆ ನಡೆದ. ತೆವಳುತ್ತಿದ್ದ ಚೈನಿಗೆ ಅವನ ಲುಂಗಿಯ ಅಂಚು ಸಿಕ್ಕಿತು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬಟ್ಟೆ ಸುತ್ತಿಕೊಂಡು ಮಷಿನ್ನನ್ನು ಕಾಲಿನ ಕಡೆ ಎಳೆಯಿತು. ಬಟ್ಟೆ ಗಂಟು ಬಿದ್ದು ಎಂಜಿನ್ ನಿಂತಿತು. ಮೊಣಕಾಲಿನ ಮೇಲೆ ಒಂದು ಗೀರು, ಅಷ್ಟಕ್ಕೇ ಉಳಿಯಿತು. ಅವನ ಅವ್ವನ ಎದುರು ಆ ಸಂಜೆ ನಿಂತದ್ದು ನನಗೆ ನೆನಪಿದೆ. ಅವಳು ಬೈಯಲಿಲ್ಲ. ಲುಂಗಿಯ ಹರಿದ ಅಂಚು ಹಿಡಿದು ನೋಡುತ್ತಿದ್ದಳು.

ಆವತ್ತಿನಿಂದ ನಮ್ಮ ತೋಟದಲ್ಲಿ ಲುಂಗಿ, ಟವೆಲ್, ಸಡಿಲ ಅಂಗಿ ಹಾಕಿಕೊಂಡು ಯಾರೂ ಮಷಿನ್ ಹಿಡಿಯುವುದಿಲ್ಲ. ದಪ್ಪ ಪ್ಯಾಂಟು, ಬೂಟು, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ಈ ದನಿ 100 ಡೆಸಿಬಲ್ ದಾಟುತ್ತದೆ, ದಿನವಿಡೀ ಕೇಳಿದರೆ ಕಿವಿ ಹೋಗುತ್ತದೆ. ಎರಡು ಹೆಜ್ಜೆ ನಡೆಯುವುದಿದ್ದರೂ ಚೈನ್ ಬ್ರೇಕ್ ಹಾಕಬೇಕು, ದೂರ ಹೋಗುವುದಿದ್ದರೆ ಎಂಜಿನ್ ಬಂದ್. ಸ್ಟಾರ್ಟ್ ಮಾಡುವಾಗ ನೆಲದ ಮೇಲಿಟ್ಟು, ಹಿಂದಿನ ಹಿಡಿಕೆಯಲ್ಲಿ ಕಾಲು ಒತ್ತಿ, ಬ್ರೇಕ್ ಹಾಕಿಯೇ ಹಗ್ಗ ಎಳೆಯಬೇಕು. ಗಾಳಿಯಲ್ಲಿ ಜೋಲಿ ಹೊಡೆದು ಹಗ್ಗ ಎಳೆಯುವವರನ್ನು ಕಂಡರೆ ನನಗೆ ಈಗ ಎದೆ ಝಲ್ ಅನ್ನುತ್ತದೆ. ಬಾರಿನ ಮೂತಿಯ ಮೇಲಿನ ಅರ್ಧ ಏನಕ್ಕಾದರೂ ತಾಗಿದರೆ ಮಷಿನ್ ಮುಖಕ್ಕೇ ಹಾರುತ್ತದೆ. ಅದಕ್ಕೇ ಏಣಿ ಮೇಲೆ ನಿಂತು ಚೈನ್ ಸಾ ಹಿಡಿಯುವುದನ್ನು ಬಿಟ್ಟೇಬಿಟ್ಟಿದ್ದೇವೆ. ಎತ್ತರದ ಟೊಂಗೆಗೆ ಕೈಗರಗಸವೇ ವಾಸಿ.

ಪೆಟ್ರೋಲ್ ತುಂಬುವಾಗ ಎಂಜಿನ್ ಆರಿರಬೇಕು, ಬೀಡಿ ದೂರ ಇರಬೇಕು. ತುಂಬಿದ ಜಾಗದಿಂದ ಮೂರು ಮೀಟರ್ ಆಚೆ ಹೋಗಿ ಸ್ಟಾರ್ಟ್ ಮಾಡಬೇಕು. ಸೆಟ್ಟಿಂಗ್ ಮಾಡಲು ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಷಿನ್ ಓಡಿಸಬಾರದು, ಆ ಹೊಗೆ ವಿಷ. ಚೈನಿನ ಹಲ್ಲು ಉಜ್ಜಲು ಕಾನಸು ಹಿಡಿಯುವ ಮುಂಚೆ ಪ್ಲಗ್ಗಿನ ವೈರ್ ಕಿತ್ತಿಡುವುದು ನನಗೆ ಈಗ ಚಪ್ಪಲಿ ಬಿಟ್ಟು ಮನೆಯೊಳಗೆ ಹೋದಷ್ಟೇ ರೂಢಿ.

ಕಾನಸಿನ ಮಾತು ಬಂತು. ಎಂಜಿನ್ ಬಲ ಕಡಿಮೆಯಾಗಿದೆ ಅಂತ ಮಿಸ್ತ್ರಿ ಹತ್ತಿರ ಬರುವ ಮಷಿನ್‌ಗಳಲ್ಲಿ ಎಷ್ಟೋ ಮಷಿನ್‌ಗಳ ಎಂಜಿನ್ ಚೆನ್ನಾಗಿಯೇ ಇರುತ್ತದಂತೆ. ಚೈನ್ ಮೊಂಡಾಗಿರುತ್ತದೆ. ಚೂಪಾದ ಚೈನ್ ಕಟ್ಟಿಗೆಯಿಂದ ಚಕ್ಕೆ ತೆಗೆಯುತ್ತದೆ, ಕೈಗೆ ಹಿಡಿದರೆ ಅವಲಕ್ಕಿ ಹಾಗೆ ಬಿಡಿಬಿಡಿ. ಮೊಂಡ ಚೈನ್ ಹಿಟ್ಟು ತೆಗೆಯುತ್ತದೆ. ಆ ಹಿಟ್ಟೇ ಹೋಗಿ ಏರ್ ಫಿಲ್ಟರಿಗೆ ಕೂರುತ್ತದೆ. ಮೊಂಡಾಗಿದೆ ಅಂತ ನಾವು ಒತ್ತುತ್ತೇವೆ, ಒತ್ತಿದಷ್ಟು ಎಂಜಿನ್ ಬಿಸಿ, ಬಾರ್ ಬಿಸಿ. ನನ್ನ ಆ ದಿನದ ತೊದಲು ಕೂಡ ಶುರುವಾದದ್ದು ಅಲ್ಲಿಂದಲೇ ಇರಬೇಕು. ಹಿಂದಿನ ವಾರ ಮಣ್ಣು ಹತ್ತಿದ ಬೊಡ್ಡೆ ಕೊಯ್ದು ಹಲ್ಲು ಹೋಗಿದ್ದವು, ಉಜ್ಜಿರಲಿಲ್ಲ.

ಈಗ ಎರಡು ಟ್ಯಾಂಕ್ ಪೆಟ್ರೋಲಿಗೆ ಒಂದು ಸಲ ಉಜ್ಜುತ್ತೇನೆ. ನನ್ನದು .325 ಇಂಚಿನ ಅಳತೆಯ ಚೈನ್, ಅದಕ್ಕೆ 4.8 ಮಿ.ಮೀ. ದುಂಡು ಕಾನಸು. ಸಾಮಾನ್ಯ 3/8 ಇಂಚಿನ ಚೈನಿಗೆ 5.2. ಹಲ್ಲಿನ ಒಳಗಿನಿಂದ ಹೊರಕ್ಕೆ, ಸುಮಾರು 30 ಡಿಗ್ರಿ ಓರೆಗೆ, ಒಂದೇ ದಿಕ್ಕಿಗೆ. ಪ್ರತಿ ಹಲ್ಲಿಗೂ ಅಷ್ಟೇ ಸಲ, ಮೂರಾದರೆ ಮೂರು. ಹಿಂದಕ್ಕೆ ಎಳೆಯುವಾಗ ಕಾನಸು ತಾಗಬಾರದು. ಹಲ್ಲಿನ ಮೇಲಂಚಿಗೆ ಬಿಸಿಲು ಬಿದ್ದು ಹೊಳೆಯುತ್ತಿದ್ದರೆ ಇನ್ನೂ ಮೊಂಡು. ಚೂಪಾದ ಅಂಚಿಗೆ ಹೊಳೆಯಲು ಜಾಗವೇ ಇರುವುದಿಲ್ಲ. ಹಲ್ಲಿನ ಮುಂದಿರುವ ಗಿಡ್ಡ ಗೂಟ ಎಷ್ಟು ಆಳ ಕೊಯ್ಯಬೇಕು ಅಂತ ತೀರ್ಮಾನಿಸುತ್ತದೆ. ಅದು ಹಲ್ಲಿಗಿಂತ 0.65 ಮಿ.ಮೀ. ಕೆಳಗಿರಲಿ. ಬೇಗ ಕೊಯ್ಯಲಿ ಅಂತ ಅದನ್ನು ಜಾಸ್ತಿ ಉಜ್ಜಿದರೆ ಚೈನ್ ಕಚ್ಚಿ ಮಷಿನ್ ಜಗ್ಗುತ್ತದೆ.

ಈ ಸಲ ಜೂನ್ ಕೊನೆಗೆ ಮತ್ತೆ ತೋಟದ ಕೆಲಸ ಶುರುವಾಯಿತು. ಅದೇ ಹುಡುಗ, ಈಗ ಮೀಸೆ ಬಂದಿದೆ, ದಪ್ಪ ಪ್ಯಾಂಟು ಹಾಕಿಕೊಂಡು ಬಂದ. ಬಿಸಿ ಮಾಡಿ ರೇಸ್ ಕೊಟ್ಟು, ಕಿವಿಯ ಮುಚ್ಚಳ ಒಂದು ಕಡೆ ಸರಿಸಿ, "ಅಣ್ಣಾ, ತೊದಲಾಕತ್ತೈತಿ, ಒಂಚೂರು ಬಿಗಿ ಮಾಡ್ಲೇನು?" ಅಂದ. ಬೇಡ ಅಂತ ಕೈ ಮಾಡಿದೆ. ಟೊಂಗೆಗೆ ಇಟ್ಟ. ತೊದಲು ಹೋಯಿತು. ಅವನು ನನ್ನ ಕಡೆ ತಿರುಗಿ ತಲೆಯಾಡಿಸಿದ. ಟೊಂಗೆ ಬಿದ್ದ ಕಡೆ ನೆಲದ ಮೇಲೆ ಚಾಪೆಯಷ್ಟು ಅಗಲ ಬಿಸಿಲು ಬಿತ್ತು. ಕೊಯ್ದ ಗಾಯಕ್ಕೆ ಮೈಲುತುತ್ತು, ಸುಣ್ಣದ ಬೋರ್ಡೋ ಮುಲಾಮು ಬಳಿದೆ.

ಆರು ಗಿಡ ಮುಗಿದ ಮೇಲೆ, ಸಂಜೆ ಮಷಿನ್ ಆರಿದಾಗ ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಿಡಿದೆ. ಮೂರು ವರ್ಷ ಓಡಿದ ಪಿಸ್ಟನ್. ಮೈತುಂಬ ಅಡ್ಡ ಗೆರೆಗಳು, ಎಣ್ಣೆಯ ತೆಳು ಹೊಳಪು, ಮೇಲಿಂದ ಕೆಳಗೆ ಒಂದು ಗೀರೂ ಇಲ್ಲ. ಫೋಟೋ ತೆಗೆದು ಮಿಸ್ತ್ರಿಗೆ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಫೋನ್ ಬಂತು. "ಚಲೋ ಇಟ್ಟೀರಿ ಸರ" ಅಂದರು. ಆಮೇಲೆ, "ಏರ್ ಫಿಲ್ಟರ್ ನೋಡೀರೇನು ಇವತ್ತ?"

ನೋಡಿರಲಿಲ್ಲ. ಫೋನ್ ಇಟ್ಟು, ಬ್ರಷ್ ತಗೊಂಡು ಮತ್ತೆ ಶೆಡ್ಡಿಗೆ ಹೋದೆ.